ಮೊಡವೆ ಕ್ರೀಮಿನ ಕೋಣೆ

ಮೊಡವೆಗೆ ಮುಲಾಮು ಕಲಸುವವಳ ಮುಖದಲ್ಲೇ ಮೊಡವೆ ಇದ್ದರೆ ಜನ ನಗುತ್ತಾರೆ. ಎದುರಿಗೆ ನಗುವುದಿಲ್ಲ, ಅಷ್ಟರಮಟ್ಟಿಗೆ ಸಭ್ಯರು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಚೀಟಿ ಕೊಟ್ಟು ಡಬ್ಬಿ ತೆಗೆದುಕೊಂಡು, ಒಮ್ಮೆ ಡಬ್ಬಿಯನ್ನೂ ಒಮ್ಮೆ ನನ್ನ ಕೆನ್ನೆಯನ್ನೂ ನೋಡಿ, "ಇದು ನಿಜವಾಗ್ಲೂ ಕೆಲಸ ಮಾಡುತ್ತಾ?" ಎಂದು ಕೇಳುತ್ತಾರೆ. ಒಬ್ಬ ಹೆಂಗಸು ತನ್ನ ಮಗಳ ಕಿವಿಯಲ್ಲಿ, ನನಗೂ ಕೇಳಿಸುವ ಹಾಗೆ, "ಇವರದ್ದೇ ವಾಸಿ ಆಗಿಲ್ಲ, ನಿಂದು ಆಗುತ್ತಾ" ಎಂದಿದ್ದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಆ ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ವಾಪಸು ಒಯ್ದೆ.

ಅದಾದ ವಾರಕ್ಕೆ ನಮ್ಮ ಚರ್ಮದ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಕರೆದು, "ನಿಮ್ಮ ಕೈಯಲ್ಲಿ ಅಳತೆ ಇದೆ. ಕಿಟಕೀಲಿ ಕೂತು ಯಾಕೆ ದಂಡ ಮಾಡ್ಕೋತೀರಿ? ಹಿಂದಿನ ಕೋಣೆಗೆ ಹೋಗಿ, ಕಲಸೋ ಕೆಲಸ ಪೂರ್ತಿ ನೀವೇ ನೋಡ್ಕೊಳ್ಳಿ" ಎಂದರು. ಕೇಳಲು ಹೊಗಳಿಕೆಯ ಹಾಗೇ ಇತ್ತು. ಯಾಕೆ ಕಳಿಸುತ್ತಿದ್ದಾರೆಂದು ತಿಳಿಯದಿರಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಲ್ಲ. ಆಗ ನನಗೆ ಮೂವತ್ತೆರಡು. ಹದಿನಾಲ್ಕಕ್ಕೆ ಬಂದು ಇಪ್ಪತ್ತಕ್ಕೆ ಹೋಗಬೇಕಾದ ಮೊಡವೆ ನನ್ನ ಮುಖದಲ್ಲಿ ಬಿಡಾರ ಹೂಡಿ ಕೂತಿತ್ತು.

ಹಿಂದಿನ ಕೋಣೆ ನನಗೆ ಒಗ್ಗಿತು. ಗೋಡೆಗೆ ಒತ್ತಿದ ಕಲ್ಲಿನ ಮೇಜು, ಅದರ ಮೇಲೆ ಗ್ರಾಮಿನ ನೂರರಲ್ಲೊಂದು ಪಾಲನ್ನೂ ತೋರಿಸುವ ತಕ್ಕಡಿ, ಪಕ್ಕದಲ್ಲಿ ದಪ್ಪ ಗಾಜಿನ ಹಲಗೆ, ಮುಲಾಮು ತಿಕ್ಕುವ ಚಪ್ಪಟೆ ಚಾಕು. ಮೂಲೆಯಲ್ಲಿ ಮಿಕ್ಸರು. ಅದು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಅರ್ಧಂಬರ್ಧ ಕೇಳುತ್ತದೆ. ಗಂಧಕದ ಲೋಷನ್ನು, ಸ್ಯಾಲಿಸಿಲಿಕ್ ಆಸಿಡ್ಡಿನ ಜೆಲ್ಲು, ಬೆಂಜಾಯಿಲ್ ಪೆರಾಕ್ಸೈಡಿನ ಕ್ರೀಮು, ಎಲ್ಲ ಇಲ್ಲೇ ತಯಾರು. ಪುಡಿ ಹಾರುವುದರಿಂದ ಒಳಗೆ ಬಂದವರೆಲ್ಲ ಮಾಸ್ಕು ಹಾಕಬೇಕು ಎಂಬುದು ನಿಯಮ. ಇಷ್ಟು ಸಂತೋಷದಿಂದ ನಾನು ಬೇರೆ ಯಾವ ನಿಯಮವನ್ನೂ ಪಾಲಿಸಿಲ್ಲ.

ಮನೆಯಲ್ಲಿ ನಾನು ಮತ್ತು ಅಕ್ಕ. ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರು. ಅವಳ ನಾಲಿಗೆ ಎಲ್ಲ ವಿಷಯದಲ್ಲೂ ಪಾಸು. ನನ್ನ ಮುಖಕ್ಕೆ ಬಳಿಯದ ವಸ್ತು ಮನೆಯಲ್ಲಿ ಯಾವುದೂ ಉಳಿದಿರಲಿಲ್ಲ. ಚಿಕ್ಕಮ್ಮ ಟೂತ್‌ಪೇಸ್ಟ್ ಹಚ್ಚು ಎಂದಳು, ಹಚ್ಚಿದೆ. ಸೋದರತ್ತೆ ನಿಂಬೆರಸ ಎಂದಳು, ಚರ್ಮ ಸುಲಿದು ಬಂತು. ಕೆಲಸಕ್ಕೆ ಸೇರಿದ ಮೇಲೆ ಚಾಕುವಿಗೆ ಅಂಟಿ ಉಳಿದದ್ದನ್ನೆಲ್ಲ, ಇವತ್ತು ಗಂಧಕ, ನಾಳೆ ಆಸಿಡ್ಡು, ನಾಡಿದ್ದು ಎರಡೂ ಸೇರಿಸಿ ಎಂದು ಮೆತ್ತಿಕೊಂಡೆ. ಬೆಂಜಾಯಿಲ್ ಪೆರಾಕ್ಸೈಡಿಗೆ ಬಟ್ಟೆಯ ಬಣ್ಣ ತಿನ್ನುವ ಚಾಳಿ. ನಮ್ಮ ಮನೆಯ ದಿಂಬುಗಳ ಮೇಲೆಲ್ಲ ನನ್ನ ಕೆನ್ನೆಯ ಅಳತೆಯ ಬಿಳಿ ಮಚ್ಚೆಗಳು. "ದಿಂಬು ಬೆಳ್ಳಗಾಗ್ತಾ ಇದೆ, ನಿನ್ನ ಸರದಿ ಯಾವಾಗ್ಲೋ" ಎನ್ನುತ್ತಿದ್ದಳು ಅಕ್ಕ.

ಆ ಕೋಣೆಗೆ ಆರು ತಿಂಗಳಿಗೊಮ್ಮೆ ಬರುತ್ತಿದ್ದವರು ತೂಕದವರು.

ಅವರಿಗೆ ಹೆಸರಿಲ್ಲವೆಂದಲ್ಲ, ನನ್ನ ಮನಸ್ಸಿನಲ್ಲಿ ಅವರು ತೂಕದವರೇ. ತಕ್ಕಡಿಗಳನ್ನು ಪರೀಕ್ಷಿಸಿ ಚೀಟಿ ಅಂಟಿಸುವುದು ಅವರ ಕೆಲಸ. ಕೈಯಲ್ಲಿ ಒಂದು ಮರದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು, ದೊಡ್ಡದರಿಂದ ಉಗುರಿಗಿಂತ ಚಿಕ್ಕದರವರೆಗೆ. ಅವನ್ನು ಬೆರಳಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡೂ ತೂಗುತ್ತದಂತೆ. ಚಿಮಟದಿಂದ ಎತ್ತಿ, ನೀಲಿ ಬಟ್ಟೆಯೊಂದರಲ್ಲಿ ಒರೆಸಿ, ತಟ್ಟೆಯ ಮೇಲೆ ಇಟ್ಟು, "ಉಸಿರು ಹಿಡ್ಕೊಳ್ಳಿ" ಎನ್ನುತ್ತಿದ್ದರು.

ನಮ್ಮ ತಕ್ಕಡಿ ಹಳೆಯದು, ಸುತ್ತ ಗಾಜಿನ ಗೂಡಿಲ್ಲ. ಎದುರು ನಿಂತವರು ಜೋರಾಗಿ ಉಸಿರು ಬಿಟ್ಟರೂ ಅಂಕಿ ಓಲಾಡುತ್ತದೆ. ಹಾಗಾಗಿ ಮಿಕ್ಸರು ನಿಲ್ಲಿಸಿ, ಫ್ಯಾನು ನಿಲ್ಲಿಸಿ, ನಾವಿಬ್ಬರೂ ಮೇಜಿನ ಆಚೀಚೆ ಬಗ್ಗಿ ನಿಂತು, ಅಂಕಿ ನಿಲ್ಲುವವರೆಗೆ ಉಸಿರು ಹಿಡಿದಿರಬೇಕು. ಹತ್ತು ತೂಕ, ಹತ್ತು ಸಲ. ಎರಡು ಮಾಸ್ಕುಗಳ ಮೇಲೆ ನಾಲ್ಕು ಕಣ್ಣುಗಳು ಒಂದೇ ಅಂಕಿಯ ಮೇಲೆ. ಅಂಕಿ ನಿಂತ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದೆವು. ಹೇಳಲು ನಾಚಿಕೆಯೇನು, ನನ್ನ ಜೀವನದಲ್ಲಿ ಒಬ್ಬ ಗಂಡಸಿನ ಅಷ್ಟು ಹತ್ತಿರ ನಾನು ನಿಂತದ್ದು ಅದೇ ಮೊದಲು, ಅದೂ ಸರಕಾರಿ ಲೆಕ್ಕದಲ್ಲಿ.

ಎರಡನೆಯ ಸಲ ಬಂದಾಗ ಹತ್ತರ ಬದಲು ಹನ್ನೆರಡು ತೂಕ ಇಟ್ಟರು. ಮೂರನೆಯ ಸಲ ಹದಿನೈದು. "ಯಾವಾಗಿನಿಂದ ಹದಿನೈದಾಯ್ತು?" ಎಂದೆ. "ಹಳೇ ತಕ್ಕಡಿ ಅಲ್ವಾ, ಜಾಸ್ತಿ ನೋಡ್ಬೇಕಾಗುತ್ತೆ" ಎಂದರು. ಮಾಸ್ಕಿನ ಮೇಲೆ ಕಣ್ಣು ನಗುತ್ತಿತ್ತು. ಆ ಸಲ ಅವರ ನೀಲಿ ಬಟ್ಟೆ ಕೆಳಗೆ ಬಿತ್ತು, ನಾನು ಎತ್ತಿಕೊಟ್ಟೆ. ನನ್ನ ಬೆರಳಲ್ಲಿ ಕ್ರೀಮಿತ್ತು ಎಂಬುದು ಆಮೇಲೆ ಗಮನಕ್ಕೆ ಬಂತು. "ಬಣ್ಣ ಹೋಗುತ್ತೆ, ಇಲ್ಲಿ ಕೊಡಿ ತೊಳೀತೀನಿ" ಎಂದರೆ, "ಹೋದ್ರೆ ಹೋಗ್ಲಿ ಬಿಡಿ" ಎಂದು ಮಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡರು. ಆ ರಾತ್ರಿಯಿಂದ ನಾನು ಮುಂದಿನ ಆರು ತಿಂಗಳನ್ನು ಕ್ಯಾಲೆಂಡರಿನಲ್ಲಿ ಹೊಡೆಯುತ್ತ ಬಂದೆ. ಅಕ್ಕ, "ಯಾವ ಪರೀಕ್ಷೆ ಇದೆ ನಿಂಗೆ?" ಎಂದು ಕೇಳಿದಳು.

ನಾಲ್ಕನೆಯ ಸಲ ಅವರು ಬಂದಾಗ ನಾನು ಕೋಣೆಯ ಹೊರಗೆ ಮಾಸ್ಕು ಇಳಿಸಿ ನೀರು ಕುಡಿಯುತ್ತಿದ್ದೆ. ಓಣಿಯ ತಿರುವಿನಲ್ಲಿ ತಟ್ಟನೆ ಎದುರಾದರು. ನನ್ನ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಹಿಂದಿನ ವಾರವೇ ಆಸಿಡ್ಡು ಮೆತ್ತಿಕೊಂಡು ಕೆನ್ನೆಯೆಲ್ಲ ಕೆಂಪಾಗಿ ಊದಿತ್ತು. ಅವರು ನಿಂತರು, ನೋಡಿದರು, ಪೆಟ್ಟಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ನಾನು ಮಾಸ್ಕು ಏರಿಸಿಕೊಂಡು ಒಳಗೆ ಹೋದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಆ ದಿನ ತೂಕಗಳನ್ನಿಡುವಾಗ ಅವರ ಚಿಮಟ ಎರಡು ಸಲ ಜಾರಿತು. ಕೆಲಸ ಮುಗಿದು, ಚೀಟಿ ಅಂಟಿಸಿ, ಪೆಟ್ಟಿಗೆ ಮುಚ್ಚಿದರು. ನಾನು ಮಿಕ್ಸರು ಹಾಕಿದೆ. ಅವರು ಹೊರಡದೆ ಅಲ್ಲೇ ನಿಂತಿದ್ದರು. ಆಮೇಲೆ, ಮಿಕ್ಸರಿನ ಸದ್ದಿನ ನಡುವೆ, ಮಾಸ್ಕಿನ ಹಿಂದಿನಿಂದ ಕೇಳಿದರು:

"ನಿಮಗೆ ಮೊಡವೆ ಆಗಿದೆಯಾ?"

ನನ್ನ ಮೈ ಉರಿಯಿತು. ಕಣ್ಣಾರೆ ನೋಡಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಆಗಿದೆ. ಅದನ್ನ ಕೇಳೋದೇನ್ ಬಂತು?" ಎಂದೆ.

"ಇಲ್ಲ, ನನಗೆ ಗೊತ್ತಿರ್ಲಿಲ್ಲ." ದನಿ ಇಳಿದಿತ್ತು. "ತುಂಬ ದಿನ ಆಯ್ತಾ?"

"ದಿನ ಅಲ್ಲ, ವರ್ಷಗಳೇ ಆದ್ವು."

"ಹೊಂದ್ಕೊಂಡು ಹೋಗ್ತಾ ಇದೀರಾ?"

ಎಷ್ಟು ಕೊಬ್ಬು ಈ ಮನುಷ್ಯನಿಗೆ ಎನಿಸಿತು. "ಹೊಂದ್ಕೊಳ್ದೆ ಏನ್ ಮಾಡ್ಲಿ? ಹೋಗು ಅಂದ್ರೆ ಹೋಗುತ್ತಾ ಅದು? ರಾತ್ರಿಯೆಲ್ಲ ಉರಿ, ಬೆಳಿಗ್ಗೆ ಎದ್ರೆ ಕನ್ನಡಿ ನೋಡೋಕಾಗಲ್ಲ. ಸಾಕಾ? ಇನ್ನೇನಾದ್ರೂ ತಿಳ್ಕೋಬೇಕಾ?"

"ಕ್ಷಮಿಸಿ" ಎಂದರು. ಪೆಟ್ಟಿಗೆ ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ನಾನು ಮಿಕ್ಸರಿನ ಪಕ್ಕದಲ್ಲಿ ನಿಂತು ಅತ್ತೆ. ಮಾಸ್ಕು ಒದ್ದೆಯಾಯಿತು, ಬೇರೆ ಹಾಕಿಕೊಂಡೆ.

ಸಿಟ್ಟು ಒಂದು ತಿಂಗಳು ಇತ್ತು. ಆಮೇಲೆ ಸಿಟ್ಟು ಇಳಿದು, ಉಳಿದದ್ದು ಬರೀ ಕಾಯುವುದು. ಅವರು ಬಂದು ಇನ್ನೊಮ್ಮೆ ಅಣಕಿಸಿದರೂ ಸರಿ, ಆ ಉಸಿರು ಹಿಡಿಯುವ ಹತ್ತು ಗಳಿಗೆ ಸಿಕ್ಕರೆ ಸಾಕು ಎಂಬ ಮಟ್ಟಕ್ಕೆ ಬಂದೆ. ಮಾನ ಮರ್ಯಾದೆ ಇದ್ದವರು ಹೀಗೆ ಯೋಚಿಸುವುದಿಲ್ಲ, ನನಗೂ ಗೊತ್ತು. ಆರು ತಿಂಗಳು ತುಂಬಿದ ದಿನ ಬೇರೆ ಒಬ್ಬರು ಬಂದರು. ಬೊಜ್ಜು ಹೊಟ್ಟೆ, ಬಾಯಲ್ಲಿ ಸದಾ ಕೆಮ್ಮಿನ ಗುಳಿಗೆ. ಹತ್ತೇ ತೂಕ ಇಟ್ಟರು. ಹಿಂದಿನವರು ಎಲ್ಲಿ ಎಂದದ್ದಕ್ಕೆ, ತಾವೇ ಕೇಳಿಕೊಂಡು ಬೇರೆ ಬಡಾವಣೆಗೆ ಹಾಕಿಸಿಕೊಂಡರು ಎಂದರು. ನನ್ನ ಮುಖ ಇನ್ನೊಮ್ಮೆ ನೋಡಬೇಕಾದೀತೆಂದು ಓಡಿಹೋದರು ಎಂದುಕೊಂಡೆ.

ಅದೇ ದಿನಗಳಲ್ಲಿ ಡಾಕ್ಟರಮ್ಮ ಒಮ್ಮೆ ಹಿಂದಿನ ಕೋಣೆಗೆ ಬಂದು, ನನ್ನ ಮಾಸ್ಕು ತಾವೇ ಇಳಿಸಿ ನೋಡಿದರು. "ಏನೇನು ಹಚ್ತೀರಿ?" ಎಂದರು. ಹೇಳಿದೆ. ತಲೆ ಮೇಲೆ ಕೈ ಹೊತ್ತರು. "ಮುಖ ಏನು ಗೋಡೆನಾ, ಸುಣ್ಣ ಬಳಿಯೋಕೆ? ಊರಿಗೆಲ್ಲ ಅಳತೆ ಮಾಡಿ ಕೊಡೋರು ನಿಮಗೆ ನೀವು ಅಳತೆ ಇಟ್ಕೊಳ್ಳಲ್ವಲ್ಲ." ಎಲ್ಲ ನಿಲ್ಲಿಸಲು ಹೇಳಿ ಒಂದು ಚಿಕ್ಕ ಟ್ಯೂಬು ಕೊಟ್ಟರು. ಅಡಾಪಲೀನ್ ಎಂಬ ಕ್ರೀಮು. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಒಂದೊಂದು ಮೊಡವೆಗೆ ಒಂದೊಂದು ಕಾಳಲ್ಲ. ಹಗಲು ಬಿಸಿಲು ತಡೆಯುವ ಕ್ರೀಮು. "ಮೊದಲ ತಿಂಗಳು ಜಾಸ್ತಿ ಆದ ಹಾಗೆ ಕಾಣುತ್ತೆ, ಹೆದರಬೇಡಿ. ಮೂರು ತಿಂಗಳು ಕಾಯಬೇಕು. ಕಾಯೋಕೆ ಆಗುತ್ತಾ ನಿಮ್ಮ ಕೈಲಿ?" ಎಂದರು. ಕಾಯುವುದರಲ್ಲಿ ನಾನು ಪಳಗಿದವಳು ಎಂದು ಅವರಿಗೇನು ಗೊತ್ತು.

ಮೊದಲ ತಿಂಗಳು ಹೇಳಿದ ಹಾಗೇ ಹೆಚ್ಚಾಯಿತು. ಎರಡನೆಯ ತಿಂಗಳು ಹೊಸದು ಬರುವುದು ನಿಂತಿತು. ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಅಕ್ಕ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಏನೂ ತಮಾಷೆ ಮಾಡದೆ, ಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷ ಬೇಡಿದ್ದು ಸಿಕ್ಕಿತ್ತು. ಸಿಕ್ಕಾಗ ನನಗೆ ಅನಿಸಿದ್ದು ಒಂದೇ: ಇದನ್ನು ನೋಡಬೇಕಾದವರು ಬೇರೆ ಬಡಾವಣೆಯಲ್ಲಿದ್ದಾರೆ.

ಇನ್ನೊಂದು ಆರು ತಿಂಗಳು ತುಂಬಿ ಗುಳಿಗೆಯವರು ಮತ್ತೆ ಬಂದರು. ಕೆಲಸ ಮುಗಿಸಿ, ಗುಳಿಗೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿ, ಸಂಕೋಚದಿಂದ ಹೇಳಿದರು:

"ಕೇಳ್ಬಾರದು, ಆದ್ರೂ ಕೇಳ್ತೀನಮ್ಮ. ಈಗ ಮನೇಲಿ ತೊಂದ್ರೆ ಇಲ್ವಲ್ಲ?"

"ಯಾವ ತೊಂದ್ರೆ?"

"ಹಿಂದಿನವರು ಹೇಳಿದ್ರು. ತಪ್ಪು ತಿಳೀಬೇಡಿ, ನನಗೂ ಹೆಣ್ಮಕ್ಕಳಿದಾರೆ. ನಿಮ್ಮ ಯಜಮಾನ್ರು ಕೈ ಮಾಡ್ತಾರಂತಲ್ಲ. ಬೆಳಿಗ್ಗೆ ಎದ್ರೆ ಕನ್ನಡಿ ನೋಡೋಕಾಗಲ್ಲ ಅಂದ್ರಂತೆ ನೀವು. ಆ ಕೋಣೇಲಿ ಸ್ವಲ್ಪ ಮೆತ್ತಗೆ ಮಾತಾಡಿ ಅಂತ ನನಗೆ ಹೇಳಿ ಕಳಿಸಿದ್ರು."

"ಯಾವ ಯಜಮಾನ್ರು? ನನಗೆ ಮದುವೆನೇ ಆಗಿಲ್ಲ."

ಅವರು ಗುಳಿಗೆ ಚೀಪುವುದನ್ನು ನಿಲ್ಲಿಸಿದರು. "ಹಾಗಂದ್ರೆ ಹೇಗೆ? ಅವರು ನಿಮ್ಮನ್ನೇ ಕೇಳಿದ್ರಂತಲ್ಲ, ಮದುವೆ ಆಗಿದೆಯಾ ಅಂತ. ಆಗಿದೆ, ವರ್ಷಗಳೇ ಆದ್ವು ಅಂದ್ರಂತೆ."

ನಾನು ಕಲ್ಲಿನ ಮೇಜನ್ನು ಹಿಡಿದುಕೊಂಡೆ.

ಮದುವೆ. ಮೊಡವೆ. ಮಾಸ್ಕಿನ ಬಟ್ಟೆಯಲ್ಲಿ ಸೋಸಿ, ಮಿಕ್ಸರಿನ ಸದ್ದಿನಲ್ಲಿ ಕಲಸಿದರೆ ಎರಡೂ ಒಂದೇ. ಬೇರೆ ಯಾವ ಹೆಂಗಸಿಗಾದರೂ ಅದು ಮದುವೆ ಎಂದೇ ಕೇಳಿಸುತ್ತಿತ್ತು. ನನ್ನ ಕಿವಿ ಇಪ್ಪತ್ತು ವರ್ಷದಿಂದ ಒಂದೇ ಶಬ್ದಕ್ಕೆ ಹೆದರಿ ಕೂತಿತ್ತು, ಅದನ್ನೇ ಕೇಳಿಸಿಕೊಂಡಿತು. ಆಮೇಲೆ ನಾನಾಡಿದ ಒಂದೊಂದು ಮಾತೂ ನೆನಪಾಯಿತು. ಹೋಗು ಅಂದ್ರೆ ಹೋಗುತ್ತಾ ಅದು, ಎಂದಿದ್ದೆ. ಗಂಡನನ್ನು 'ಅದು' ಎನ್ನುವ ಹೆಂಡತಿಯ ಸಂಸಾರ ಹೇಗಿದ್ದೀತೆಂದು ಆ ಪುಣ್ಯಾತ್ಮ ಊಹಿಸಿಕೊಂಡಿರಬೇಕು. ನಗು ಬಂತು, ಮರುಕ್ಷಣವೇ ನಿಂತಿತು. ನನ್ನ ಕೆಂಪಗೆ ಊದಿದ ಮುಖ ನೋಡಿದ ಅರ್ಧ ಗಂಟೆಯೊಳಗೇ ಆತ ಕೇಳಿದ್ದು ಮದುವೆಯ ಮಾತು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ, "ಈಗ ಏನ್ ಮಾಡ್ತೀಯಾ?" ಎಂದಳು.

"ಹೇಳಿ ಕಳಿಸಿದ್ರೆ? ಆ ಗುಳಿಗೆಯವರ ಹತ್ರ?"

"ಏನಂತ? ನನಗೆ ಮದುವೆ ಆಗಿಲ್ಲ, ದಯವಿಟ್ಟು ಗಮನಿಸಿ ಅಂತಾನಾ? ನೀನೇ ಬಾಯಾರೆ ಹೇಳು. ಮಿಕ್ಸರ್ ಆರಿಸಿ ಹೇಳು."

ತಕ್ಕಡಿಯ ಕಚೇರಿಗೆ ದೂರು ಬರೆಯುವ ಕಾರ್ಡೊಂದಿದೆ. ಒಂದು ವಾರ ಬಿಟ್ಟು ಅದನ್ನು ತುಂಬಿಸಿದೆ. 'ದೋಷ: ಗ್ರಾಮಿಗೆ ಎರಡು ಸೆಂಟಿಗ್ರಾಮು ಹೆಚ್ಚು ತೋರಿಸುತ್ತಿದೆ. ಮೊದಲು ಪರೀಕ್ಷಿಸುತ್ತಿದ್ದವರೇ ಬಂದು ನೋಡಿದರೆ ಅನುಕೂಲ.' ಹಸಿ ಸುಳ್ಳು. ಹನ್ನೊಂದು ವರ್ಷದಲ್ಲಿ ಅಳತೆಯ ವಿಷಯದಲ್ಲಿ ನಾನು ಹೇಳಿದ ಒಂದೇ ಸುಳ್ಳು. ಗುಳಿಗೆಯವರ ಕೆಲಸಕ್ಕೆ ಮಸಿ ಬಳಿದ ಹಾಗಾಯಿತಲ್ಲ ಎನಿಸಿತು, ಆದರೂ ಬರೆದೆ. ಕಾರ್ಡು ಹೋದ ಮೇಲೆ ಮತ್ತೆ ಕಾಯುವುದು. ಪ್ರತಿದಿನ ಮನಸ್ಸಿನಲ್ಲೇ ಅಭ್ಯಾಸ: ಅವರು ಬಂದ ಕೂಡಲೇ ಮಿಕ್ಸರು ಆರಿಸಬೇಕು, ಮಾಸ್ಕು ಇಳಿಸಬೇಕು, ಅವತ್ತು ತಪ್ಪು ಕೇಳಿಸಿತು, ಈಗ ಕೇಳಿ ಎನ್ನಬೇಕು. ಮೂರು ತಿಂಗಳು ಅಭ್ಯಾಸ ಮಾಡಿದೆ.

ಬಂದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅದೇ ಪೆಟ್ಟಿಗೆ ಹಿಡಿದು. ನಾನು ಮಿಕ್ಸರು ಆರಿಸಿದೆ. ಕೋಣೆ ನಿಶ್ಶಬ್ದವಾಯಿತು. ನಿಯಮ ಮೀರಿ ಮಾಸ್ಕು ಇಳಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ನೋಡನೋಡುತ್ತ ಅವರ ಭುಜ ಇಳಿಯಿತು, ಎಷ್ಟೋ ದಿನದ ಹೊರೆ ಕೆಳಗಿಟ್ಟ ಹಾಗೆ.

"ಅಬ್ಬ," ಎಂದರು ಮೆಲ್ಲಗೆ. "ಈಗ ಏನೂ ಇಲ್ಲ ಅಲ್ವಾ?"

ಬಾಯಿ ತೆರೆದೆ. ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಡಾಕ್ಟರಮ್ಮನ ಅಕ್ಷರ.

"ಇದನ್ನ ನಿಮ್ಮ ಕೈಲೇ ಮಾಡಿಸ್ಕೋಬೇಕು ಅಂತ ನಾನೇ ಒಳಗೆ ತಂದೆ. ನನ್ನ ಹೆಂಡತೀದು. ಮದುವೆಯಾಗಿ ಎಂಟು ತಿಂಗಳಾಯ್ತು. ಅವಳಿಗೂ ಮುಖದಲ್ಲಿ ಸ್ವಲ್ಪ ಇದೆ. ನನಗೆ ಅದು ಕಣ್ಣಿಗೇ ಬೀಳಲ್ಲ, ಹಾಗಂದ್ರೆ ನಂಬೋದೇ ಇಲ್ಲ ಅವಳು. ನನ್ನೆದುರಿಗೂ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಾಳೆ."

ಚೀಟಿ ಓದಿದೆ. ನನಗೆ ಕೊಟ್ಟ ಅಡಾಪಲೀನ್ ಇರಲಿಲ್ಲ, ಅಜೆಲಾಯಿಕ್ ಆಸಿಡ್ ಬರೆದಿದ್ದರು. ಯಾಕೆಂದು ಹನ್ನೊಂದು ವರ್ಷ ಮುಲಾಮು ಕಲಸಿದವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಚೀಟಿಯ ಮೂಲೆಯಲ್ಲಿ ಬರೆದೇ ಇತ್ತು: ಗರ್ಭಿಣಿ, ಮೂರನೇ ತಿಂಗಳು. ಗೋಡೆಯ ಪುಟ್ಟ ಕಿಂಡಿಯ ಬಾಗಿಲು ಅರ್ಧ ತೆರೆದಿತ್ತು. ಓಣಿಯ ಬೆಂಚಿನ ಮೇಲೆ ಒಬ್ಬಳು ಎಡಗೈಯಿಂದ ಕೆನ್ನೆ ಮರೆಮಾಡಿಕೊಂಡು ಕೂತಿದ್ದಳು. ಆ ಕೈ ಇಟ್ಟುಕೊಳ್ಳುವ ರೀತಿ ನನ್ನದೇ.

"ಕೂತ್ಕೊಳ್ಳಿ, ಮಾಡಿಕೊಡ್ತೀನಿ" ಎಂದೆ. ಮಾಸ್ಕು ಏರಿಸಿದೆ.

ತೂಗಲು ನಿಂತಾಗ ಅವರೂ ಎದುರು ಬಗ್ಗಿದರು, ಅಭ್ಯಾಸ. ಇಬ್ಬರೂ ಉಸಿರು ಹಿಡಿದೆವು. ಅಂಕಿ ನಿಂತಿತು. ಆಮೇಲೆ ಅವರು ತಮ್ಮ ತೂಕಗಳನ್ನಿಟ್ಟು ನೋಡಿದರು. ತಟ್ಟೆ ಒರೆಸಲು ತೆಗೆದ ನೀಲಿ ಬಟ್ಟೆಯ ಮೇಲೆ ಬಣ್ಣ ಹೋದ ಮೂರು ಬೆರಳಿನ ಗುರುತಿತ್ತು. ಬಟ್ಟೆ ಬದಲಿಸಿರಲಿಲ್ಲ.

"ಇದರಲ್ಲಿ ತಪ್ಪೇನೂ ಇಲ್ವಲ್ಲ" ಎಂದರು.

"ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡಿರ್ಬೇಕು."

ಅವರು ಬಟ್ಟೆ ಮಡಿಸುತ್ತ, ನನ್ನ ಕಡೆ ನೋಡದೆ ಹೇಳಿದರು: "ಅವತ್ತು ನೀವು ನೀರು ಕುಡೀತಾ ನಿಂತಿದ್ರಿ. ನಿಮ್ಮ ಮುಖ ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ವಿಷಯ ಗೊತ್ತಾದ್ಮೇಲೆ, ಮುಖದ ಮೇಲೆ ಪೆಟ್ಟಿನ ಗುರುತು ಏನಾದ್ರೂ ಇತ್ತಾ ಅಂತ ಎಷ್ಟು ನೆನಪು ಮಾಡ್ಕೊಂಡೆ. ಒಂದೂ ಕಂಡಿರ್ಲಿಲ್ಲ ನನಗೆ. ಚೆನ್ನಾಗಿದೆ ಮುಖ ಅಂತ ಅಷ್ಟೇ ಅನ್ಸಿತ್ತು. ಅದಕ್ಕೇ ಪೆದ್ದನ ಹಾಗೆ ಏನೋ ಕೇಳ್ಬಿಟ್ಟೆ. ನಾನು ಏನೂ ಮಾಡೋಕಾಗ್ದೆ ದೂರ ಹೋದೆ. ಈಗ ಮನೇಲಿ ಹೇಗಿದೆ?"

ಮೂರು ತಿಂಗಳ ಅಭ್ಯಾಸದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮಿಕ್ಸರು ಆರಿತ್ತು, ಅಡ್ಡಿ ಏನೂ ಇರಲಿಲ್ಲ. ಹೇಳಿದ್ದರೆ ಒಂದೇ ವಾಕ್ಯ. ಆ ವಾಕ್ಯವನ್ನು ಈ ಮನುಷ್ಯ ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು, ಬೆಂಚಿನ ಮೇಲೆ ಕೂತವಳ ಪಕ್ಕದಲ್ಲಿ ನಡೆಯುತ್ತ. ನಾನು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ.

"ಈಗ ವಾಸಿ" ಎಂದೆ.

"ನಿಜವಾಗ್ಲೂ?"

"ಮುಖ ನೋಡಿದ್ರೇ ಗೊತ್ತಾಗಲ್ವಾ? ಪೂರ್ತಿ ವಾಸಿ ಆಗಿದೆ."

"ಸಂತೋಷ" ಎಂದರು. ಆ ಸಂತೋಷ ಅವರ ಕಣ್ಣಲ್ಲಿ ನಿಜವಾಗಿಯೂ ಇತ್ತು.

ಡಬ್ಬಿಗೆ ಚೀಟಿ ಬರೆದೆ. ದುಂಡಗೆ, ಒಂದಕ್ಷರವೂ ಇನ್ನೊಂದಾಗಿ ಕಾಣದ ಹಾಗೆ: 'ಮೊಡವೆಗೆ. ದಿನಕ್ಕೆ ಎರಡು ಸಲ, ತೆಳ್ಳಗೆ. ಉಜ್ಜಬಾರದು. ಮೂರು ತಿಂಗಳು ಕಾಯಬೇಕು.' ಅವರ ಕೈಗೆ ಕೊಟ್ಟು, "ಕೈ ಅಡ್ಡ ಇಟ್ಕೊಂಡ್ರೆ ಬೆವರಿಗೆ ಇನ್ನೂ ಜಾಸ್ತಿ ಆಗುತ್ತೆ ಅಂತ ಹೇಳಿ. ನಾನು ಹೇಳ್ದೆ ಅನ್ನಿ, ನಂಬ್ತಾಳೆ" ಎಂದೆ.

ಕಿಂಡಿಯಲ್ಲಿ ನೋಡಿದೆ. ಅವರು ಬೆಂಚಿನ ಹತ್ತಿರ ಬಗ್ಗಿ ಏನೋ ಹೇಳಿದರು. ಅವಳು ಕೋಣೆಯ ಕಡೆ ಒಮ್ಮೆ ನೋಡಿ, ಕೈ ಕೆಳಗಿಳಿಸಿದಳು. ಇಬ್ಬರೂ ಓಣಿಯ ತಿರುವು ದಾಟಿ ಹೋದರು.

ನಾನು ಕಿಂಡಿ ಮುಚ್ಚಿದೆ. ಗಂಧಕದ ಲೋಷನ್ನು ಬಾಕಿ ಇತ್ತು. ಪಾತ್ರೆಗೆ ಸುರಿದು ಮಿಕ್ಸರು ಹಾಕಿದೆ. ಅದು ಪೂರ್ತಿ ವೇಗ ಹಿಡಿಯುವವರೆಗೆ ಕಾದೆ. ಆಮೇಲೆ ಮಾಸ್ಕಿನೊಳಗೆ, ಸ್ಪಷ್ಟವಾಗಿ, ಅವರು ಒಂದೂಕಾಲು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರ ಹೇಳಿದೆ.

"ಇಲ್ಲ. ನನಗೆ ಮದುವೆ ಆಗಿಲ್ಲ."

ನನಗೇ ಸರಿಯಾಗಿ ಕೇಳಿಸಲಿಲ್ಲ.